ಅರವತ್ತು ದಾಟಿದ ಮೇಲೆ ಬೆಟ್ಟದ ಓಟ: ಪದೇ ಪದೇ ಕೇಳುವ ಪ್ರಶ್ನೆಗಳು

ನನಗೀಗ 63. ಊರು ಮೈಸೂರು. ಐವತ್ತು ದಾಟಿದ ಮೇಲೆ ಓಡಲು ಶುರು ಮಾಡಿದವಳು, ಅದೂ ರಸ್ತೆಯಲ್ಲಲ್ಲ, ಬೆಟ್ಟದ ಕಾಲುದಾರಿಯಲ್ಲಿ. ಬಹುಮಾನ ಅಂತ ಒಂದೂ ಬಂದಿಲ್ಲ, ಬರುವ ಲಕ್ಷಣವೂ ಇಲ್ಲ. ಆದರೆ ಮದುವೆ ಮನೆಯಲ್ಲಿ, ಬಸ್ಸಿನಲ್ಲಿ, ತರಕಾರಿ ಅಂಗಡಿ ಮುಂದೆ ಸಿಕ್ಕವರು ಕೇಳುವುದು ಇದನ್ನೇ. ಹಾಗಾಗಿ ಉತ್ತರಗಳನ್ನು ಒಂದೇ ಕಡೆ ಬರೆದಿಟ್ಟಿದ್ದೇನೆ. ನಾನು ಡಾಕ್ಟರಲ್ಲ, ಕೋಚ್ ಕೂಡ ಅಲ್ಲ. ಅದನ್ನು ನೆನಪಿಟ್ಟುಕೊಂಡೇ ಓದಿ.

ಟ್ರೇಲ್ ರನ್ನಿಂಗ್ ಅಂದರೆ ಏನು? ಟ್ರೆಕ್ಕಿಂಗ್ ತಾನೇ?

ಡಾಂಬರು, ಸಿಮೆಂಟು ಇಲ್ಲದ ದಾರಿಯಲ್ಲಿ ಓಡುವುದು. ಕಾಡಿನ ಕಾಲುದಾರಿ, ಕಾಫಿ ತೋಟದ ಮಣ್ಣು ರಸ್ತೆ, ಬಂಡೆ, ಹುಲ್ಲಿನ ಬೋರೆ, ಏನು ಬೇಕಾದರೂ ಇರಬಹುದು. ಟ್ರೆಕ್ಕಿಂಗ್‌ನವರು ಟೆಂಟು, ಹಾಸಿಗೆ ಹೊತ್ತು ಎರಡು ದಿನಕ್ಕೆ ಹೋಗುತ್ತಾರೆ. ನಾವು ನೀರು, ತಿಂಡಿ, ಒಂದು ರೇನ್‌ಕೋಟು ಹಿಡಿಯುವಷ್ಟು ಚಿಕ್ಕ ಬ್ಯಾಗ್ ಹಾಕಿಕೊಂಡು ಮಧ್ಯಾಹ್ನದೊಳಗೆ ವಾಪಸ್. ಓಡುವ ಕಡೆ ಓಡುತ್ತೇವೆ, ಆಗದ ಕಡೆ ನಡೆಯುತ್ತೇವೆ.

ಈ ವಯಸ್ಸಲ್ಲಿ ಇದೆಲ್ಲ ಬೇಕಾ?

ಇದನ್ನು ಕೇಳುವವರಲ್ಲಿ ಮುಕ್ಕಾಲು ಪಾಲು ನನಗಿಂತ ಚಿಕ್ಕವರು. ಅವರಿಗೆ ನಾನು ಹೇಳುವ ಮೂರು ಕಥೆಗಳಿವೆ.

ಮೊದಲನೆಯದು ಇಟಲಿಯ ಮಾರ್ಕೊ ಓಲ್ಮೊ ಅವರದು. ಮಾಂಟ್ ಬ್ಲಾಂಕ್ ಪರ್ವತವನ್ನು ಫ್ರಾನ್ಸ್, ಇಟಲಿ, ಸ್ವಿಟ್ಜರ್ಲೆಂಡ್ ಮೂಲಕ ಸುತ್ತುವ ಯುಟಿಎಂಬಿ ಅನ್ನುವ ಓಟವಿದೆ. 160 ಕಿ.ಮೀ. ದಾಟುವ ದಾರಿ. ಈ ಸಾಲಿನ ಓಟಗಳಲ್ಲಿ ಜಗತ್ತಿನಲ್ಲೇ ದೊಡ್ಡ ಹೆಸರು ಅದರದು. ಅದನ್ನು ಓಲ್ಮೊ 2006ರಲ್ಲಿ ಗೆದ್ದರು, 2007ರಲ್ಲಿ ಮತ್ತೆ ಗೆದ್ದರು. ಎರಡನೇ ಸಲ ಗೆದ್ದಾಗ ಅವರಿಗೆ 58. ವಯಸ್ಸಿನ ವಿಭಾಗದಲ್ಲಿ ಗೆದ್ದದ್ದಲ್ಲ, ಇಡೀ ಓಟಕ್ಕೇ ಮೊದಲಿಗರಾದದ್ದು. ಸಸ್ಯಾಹಾರಿ ಬೇರೆ. ಈ ಮಾತು ಹೇಳಿದರೆ ನಮ್ಮ ಚಿಕ್ಕಪ್ಪನ ಕಡೆಯವರಿಗೆ ಬಹಳ ಸಂತೋಷ.

ಎರಡನೆಯದು ಇಂಗ್ಲೆಂಡಿನ ಕುರಿ ಸಾಕುವ ರೈತ ಜಾಸ್ ನೇಯ್ಲರ್ ಅವರದು. ಲೇಕ್ ಡಿಸ್ಟ್ರಿಕ್ಟ್ ಅನ್ನುವ ಗುಡ್ಡಗಾಡಿನವರು. 2006ರಲ್ಲಿ, ತಮಗೆ 70 ತುಂಬಿದ ವರ್ಷ, ಒಂದೇ ಏಟಿಗೆ 70 ಶಿಖರ ಹತ್ತಿ ಇಳಿದರು. ಒಂದು ದಿನ ತುಂಬುವುದರೊಳಗೆ ಮುಗಿಸಿದರು. ಐವತ್ತು ದಾಟಿದವರಿಗೆ ಮಾತ್ರ ಅಂತ ಅವರ ಹೆಸರಲ್ಲಿ ಒಂದು ಸವಾಲಿನ ದಾರಿ ಇದೆ. 30 ಶಿಖರ, 48 ಮೈಲಿ. ವಯಸ್ಸು ಜಾಸ್ತಿ ಆದ ಹಾಗೆ ಅದರಲ್ಲಿ ಕೊಡುವ ಸಮಯವೂ ಜಾಸ್ತಿ. ನೇಯ್ಲರ್ 2024ರಲ್ಲಿ ತೀರಿಕೊಂಡರು.

ಮೂರನೆಯದು ನನಗೆ ಎಲ್ಲಕ್ಕಿಂತ ಇಷ್ಟ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 1905ರಿಂದ ಡಿಪ್ಸಿ ಅನ್ನುವ ಬೆಟ್ಟದ ಓಟ ನಡೆಯುತ್ತಿದೆ. ಸುಮಾರು 12 ಕಿ.ಮೀ. ಅಲ್ಲಿ ವಯಸ್ಸಾದವರನ್ನೂ ಚಿಕ್ಕ ಮಕ್ಕಳನ್ನೂ ಮೊದಲು ಬಿಡುತ್ತಾರೆ, ಗಟ್ಟಿ ಹುಡುಗರನ್ನು ಕೊನೆಗೆ ಬಿಡುತ್ತಾರೆ. ಯಾರು ಮೊದಲು ಸಮುದ್ರದ ದಡ ಮುಟ್ಟಿದರೋ ಅವರದೇ ಗೆಲುವು. 2010ರಲ್ಲಿ 8 ವರ್ಷದ ಹುಡುಗಿ ಗೆದ್ದಳು. 2012ರಲ್ಲಿ 72 ವರ್ಷದವರೊಬ್ಬರು ಗೆದ್ದರು. ನಮ್ಮಲ್ಲೂ ಯಾರಾದರೂ ಇಂಥದ್ದೊಂದು ಶುರು ಮಾಡಬಾರದಾ ಅಂತ ನನ್ನ ಆಸೆ.

ಹತ್ತುವಾಗ ನಡೆಯುತ್ತೀರಂತೆ, ಹೌದಾ?

ಹೌದು. ಎಲ್ಲರೂ ನಡೆಯುತ್ತಾರೆ. ಮೊದಲ ಹತ್ತು ಸ್ಥಾನದಲ್ಲಿ ಬರುವವರೂ ಕಡಿದಾದ ಏರಿನಲ್ಲಿ ತೊಡೆ ಮೇಲೆ ಕೈಯೂರಿ ನಡೆಯುತ್ತಾರೆ. ಏರು ಸುಮಾರು 15 ಡಿಗ್ರಿ ದಾಟಿತು ಅಂದರೆ ಅಷ್ಟೇ ಎತ್ತರವನ್ನು ಅಷ್ಟೇ ಹೊತ್ತಿನಲ್ಲಿ ಹತ್ತಲು ಓಟಕ್ಕಿಂತ ನಡಿಗೆಗೆ ಕಡಿಮೆ ಶಕ್ತಿ ಸಾಕು. ಪ್ರಯೋಗಶಾಲೆಯಲ್ಲಿ ಟ್ರೆಡ್‌ಮಿಲ್ ಓರೆ ಮಾಡಿ ಅಳೆದು ನೋಡಿದ ಲೆಕ್ಕ ಇದು. ನಾಚಿಕೆ ಪಡುವಂಥದ್ದು ಏನೂ ಇಲ್ಲ.

ನನ್ನಂಥವರಿಗೆ ಬೆಟ್ಟ ಹಿಡಿಸುವುದೇ ಈ ಕಾರಣಕ್ಕೆ. ರಸ್ತೆಯಲ್ಲಿ ಓಡಿದರೆ ಗಡಿಯಾರ ಪ್ರತಿ ಕಿಲೋಮೀಟರಿಗೂ ನನ್ನ ವಯಸ್ಸು ಹೇಳುತ್ತದೆ. ಹೋದ ವರ್ಷ ಇಷ್ಟಿತ್ತು, ಈ ವರ್ಷ ಇಷ್ಟಾಯಿತು. ಬೆಟ್ಟದಲ್ಲಿ ಆ ಲೆಕ್ಕ ನಡೆಯುವುದಿಲ್ಲ. ಒಂದು ಕಿಲೋಮೀಟರಿಗೆ ಒಮ್ಮೆ 8 ನಿಮಿಷ, ಒಮ್ಮೆ 25 ನಿಮಿಷ. ನೆನ್ನೆ ಮಳೆ ಬಂದಿದ್ದರೆ ಅದೂ ಸುಳ್ಳು. ಹೋಲಿಸಲು ಏನೂ ಸಿಗದೆ ಇದ್ದಾಗ ಮನಸ್ಸು ತಾನಾಗಿ ನೆಲದ ಕಡೆ ತಿರುಗುತ್ತದೆ.

ಅಷ್ಟೆಲ್ಲ ಸುಸ್ತಾಗಿ, ಬೆವರು ಸುರಿಸಿ, ಮಜಾ ಎಲ್ಲಿದೆ?

ಕಾಲಿಡುವುದರಲ್ಲಿದೆ. ನಿಜವಾಗಿ ಹೇಳುತ್ತಿದ್ದೇನೆ. ಬೆಟ್ಟದ ದಾರಿಯಲ್ಲಿ ಎರಡು ಹೆಜ್ಜೆ ಒಂದೇ ಥರ ಇರುವುದಿಲ್ಲ. ಇಲ್ಲಿ ಬೇರು, ಅಲ್ಲಿ ಸಡಿಲ ಕಲ್ಲು, ಮುಂದೆ ಒದ್ದೆ ಎಲೆ. ಮುಂದಿನ ಹೆಜ್ಜೆ ಎಲ್ಲಿ ಅಂತ ಕಣ್ಣು ಹುಡುಕುತ್ತಿರುತ್ತದೆ, ಕಾಲು ಅದಾಗಲೇ ಹೊರಟಿರುತ್ತದೆ. ಪಿಂಚಣಿ, ಗ್ಯಾಸ್ ಬುಕಿಂಗ್, ಮಗಳ ಫೋನು, ಯಾವುದೂ ಆ ಹೊತ್ತಿಗೆ ತಲೆಯಲ್ಲಿ ನಿಲ್ಲುವುದಿಲ್ಲ. ಧ್ಯಾನಕ್ಕೆ ಕೂತರೆ ನನಗೆ ನಿದ್ದೆ ಬರುತ್ತದೆ. ಇದು ಹಾಗಲ್ಲ, ನಿದ್ದೆ ಬಂದರೆ ಮೂಗು ಒಡೆಯುತ್ತದೆ.

ಜಾಗದ ಮಜಾ ಬೇರೆ. ಸರ್ಪದಾರಿಯಿಂದ ಮುಳ್ಳಯ್ಯನಗಿರಿಗೆ ಬೆಳಗ್ಗೆ ಹತ್ತಿ ನೋಡಿ. 1930 ಮೀಟರ್, ಕರ್ನಾಟಕದ ಅತಿ ಎತ್ತರದ ಜಾಗ. ದಾರಿ ಉದ್ದವಿಲ್ಲ, ಆದರೆ ಏಣು ಹಿಡಿದು ಹೋಗುತ್ತದೆ, ಗಾಳಿ ಸೀರೆ ಸೆರಗನ್ನಲ್ಲ, ಮನುಷ್ಯರನ್ನೇ ಎಳೆಯುತ್ತದೆ. ಮೇಲೆಲ್ಲ ಹುಲ್ಲು, ಕಣಿವೆಯ ಮಡಿಕೆಗಳಲ್ಲಿ ಮಾತ್ರ ಕಪ್ಪಗೆ ಶೋಲಾ ಕಾಡು. ಮೇಲಿನ ಹುಲ್ಲು ಮಳೆ ನೀರನ್ನು ಹಿಡಿದು ನಿಧಾನಕ್ಕೆ ಕೆಳಗೆ ಬಿಡುತ್ತದೆ, ಅದಕ್ಕೇ ಬೇಸಿಗೆಯಲ್ಲೂ ಶೋಲಾದ ಒಳಗೆ ತೊರೆ ಹರಿಯುತ್ತಿರುತ್ತದೆ. ಬಿಸಿಲಲ್ಲಿ ಓಡಿ ಬಂದು ಆ ನೆರಳಿಗೆ ನುಗ್ಗಿದರೆ ಮೈ ಜುಮ್ಮೆನ್ನುತ್ತದೆ. ನೀರಿನ ಹತ್ತಿರ ಸಿಳ್ಳಾರ ಹಕ್ಕಿ ಕೂತಿರುತ್ತದೆ. ಟ್ಯೂನ್ ಮರೆತ ಹುಡುಗನೊಬ್ಬ ಸುಮ್ನೆ ಶಿಳ್ಳೆ ಹೊಡೆಯುತ್ತಿದ್ದಾನೆ ಅಂತ ಮೊದಲ ಸಲ ಕೇಳಿದವರು ತಿರುಗಿ ನೋಡುತ್ತಾರೆ.

ಇನ್ನೊಂದು ಮಜಾ ಹಸಿವು. ಅರವತ್ತರ ಮೇಲೆ ಊಟ ಅನ್ನುವುದು ಹೊತ್ತಿಗೆ ಸರಿಯಾಗಿ ಮಾಡುವ ಕೆಲಸ ಆಗಿಬಿಟ್ಟಿರುತ್ತದೆ, ಅಲ್ವಾ? ನಾಲ್ಕು ಗಂಟೆ ಬೆಟ್ಟ ಸುತ್ತಿ ಬಂದು ಬಿಸಿ ಅನ್ನ, ಸಾರು, ಒಂದು ಹಪ್ಪಳ ಮುಂದಿಟ್ಟುಕೊಂಡು ನೋಡಿ.

ಮೊಣಕಾಲು ಸವೆಯುವುದಿಲ್ವಾ?

ಅತಿ ಹೆಚ್ಚು ಸಲ ಬರುವ ಪ್ರಶ್ನೆ ಇದೇ. 2017ರಲ್ಲಿ ಹಲವು ಹಳೆಯ ಅಧ್ಯಯನಗಳನ್ನು ಕೂಡಿಸಿ ಒಂದು ಲೆಕ್ಕ ಮಾಡಿದರು. ಸೊಂಟ ಅಥವಾ ಮೊಣಕಾಲಿನ ಕೀಲು ಸವೆತ ಹವ್ಯಾಸಕ್ಕೆ ಓಡುವವರಲ್ಲಿ ಶೇ. 3.5, ಓಡದೆ ಕೂತವರಲ್ಲಿ ಶೇ. 10.2, ವೃತ್ತಿಪರ ಓಟಗಾರರಲ್ಲಿ ಶೇ. 13.3 ಇತ್ತು. ಅಂದರೆ ಹದವಾಗಿ ಓಡುವವರಿಗೆ ಭಯ ಕಡಿಮೆ. ಆದರೆ ಈ ಅಂಕಿಯನ್ನು ಹಿಡಿದು ಕುಣಿಯಬೇಡಿ. ಮೊಣಕಾಲು ನೋಯುವವರು ಓಟ ಬಿಟ್ಟು ಬಿಟ್ಟಿರುತ್ತಾರೆ, ಆಗ ಓಡುವವರ ಗುಂಪಿನಲ್ಲಿ ಒಳ್ಳೆ ಮೊಣಕಾಲಿನವರೇ ಉಳಿಯುತ್ತಾರೆ. ಈಗಾಗಲೇ ಸವೆತ ಇದೆ, ಊತ ಬರುತ್ತದೆ, ಮೆಟ್ಟಿಲು ಇಳಿಯುವಾಗ ಕಾಲು ಕೈಕೊಡುತ್ತದೆ ಅನ್ನುವವರು ಮೊದಲು ಮೂಳೆ ಡಾಕ್ಟರನ್ನೋ ಫಿಸಿಯೋಥೆರಪಿಸ್ಟರನ್ನೋ ನೋಡಿ.

ನನ್ನ ಅನುಭವದಲ್ಲಿ ಮೊಣಕಾಲಿಗೆ ಬೀಳುವ ಏಟು ಇಳಿಯುವಾಗ. ಅದಕ್ಕೇ ಮುಂದಿನ ಉತ್ತರ ಉದ್ದ.

ಇಳಿಯುವುದು ಸುಲಭ ಅಲ್ವಾ?

ಅಲ್ಲ. ವಯಸ್ಸಾದವರಿಗೆ ಬೆಟ್ಟದ ಓಟ ಅಂದರೆ ಇಳಿಯುವ ಓಟ. ಹತ್ತುವಾಗ ತಪ್ಪಾದರೆ ಏದುಸಿರು ಬರುತ್ತದೆ, ನಿಂತರೆ ಹೋಗುತ್ತದೆ. ಇಳಿಯುವಾಗ ತಪ್ಪಾದರೆ ಮೂಳೆ ಹೋಗುತ್ತದೆ. ಎಲ್ಲರೂ ಹತ್ತುವುದನ್ನು ಕಲಿಯುತ್ತಾರೆ, ಇಳಿಯುವುದನ್ನು ಯಾರೂ ಕಲಿಯುವುದಿಲ್ಲ.

ಒಳಗೆ ಆಗುವುದೇನು ಅಂದರೆ, ಇಳಿಯುವಾಗ ತೊಡೆಯ ಮುಂಭಾಗದ ಸ್ನಾಯು ಉದ್ದವಾಗುತ್ತಲೇ ಬ್ರೇಕ್ ಹಿಡಿಯಬೇಕು. ಈ ಥರದ ಕೆಲಸ ಸ್ನಾಯುವಿನ ಎಳೆಗಳನ್ನು ಸಣ್ಣದಾಗಿ ಹರಿಯುತ್ತದೆ. ಆ ದಿನ ಏನೂ ಗೊತ್ತಾಗುವುದಿಲ್ಲ. ಮಾರನೇ ದಿನ, ಅದರ ಮಾರನೇ ದಿನ ಕಮೋಡಿನ ಮೇಲೆ ಕೂರುವುದೂ ಸಾಹಸ. ಒಳ್ಳೆಯ ಸುದ್ದಿ ಏನೆಂದರೆ ಸ್ನಾಯು ಕಲಿಯುತ್ತದೆ. ಒಮ್ಮೆ ನೊಂದ ಕಾಲಿಗೆ ಕೆಲವು ವಾರಗಳೊಳಗೆ ಮತ್ತೆ ಅದೇ ಇಳಿಜಾರು ಕೊಟ್ಟರೆ ಅಷ್ಟು ನೋವಾಗುವುದಿಲ್ಲ. ಆದ್ದರಿಂದ ದೊಡ್ಡ ಬೆಟ್ಟಕ್ಕೆ ಹೋಗುವ ಎರಡು ಮೂರು ವಾರ ಮೊದಲು ಚಿಕ್ಕದೊಂದು ಬೆಟ್ಟ ಇಳಿದಿರಬೇಕು.

ಇಳಿಯುವ ರೀತಿ ಹೀಗೆ. ಹೆಜ್ಜೆ ಚಿಕ್ಕದು, ಬೇಗ ಬೇಗ. ಬಿಸಿ ಹೆಂಚಿನ ಮೇಲೆ ಕಾಲಿಟ್ಟ ಹಾಗೆ ಇಟ್ಟು ಎತ್ತಬೇಕು. ಮೊಣಕಾಲು ಸ್ವಲ್ಪ ಬಗ್ಗಿರಲಿ, ನೆಟ್ಟಗೆ ಬೀಗಬಾರದು. ಭಯಕ್ಕೆ ಹಿಂದಕ್ಕೆ ವಾಲುತ್ತೇವೆ, ಅದೇ ಜಾರಿಸುವುದು. ಹಿಮ್ಮಡಿ ಮೊದಲು ನೆಲಕ್ಕೆ ಬಿದ್ದು ಕಾಲು ಮುಂದಕ್ಕೆ ಓಡುತ್ತದೆ. ಮೈ ಇಳಿಜಾರಿನ ಜೊತೆಗೇ ಹೋಗಲಿ, ಕೈ ಅಗಲವಾಗಿರಲಿ. ಕಣ್ಣು ಕಾಲಿನ ತುದಿ ನೋಡಬಾರದು, ಎರಡು ಮೂರು ಮೀಟರ್ ಮುಂದೆ ಇರಬೇಕು.

ಇಲ್ಲಿ ಕನ್ನಡಕದ ಮಾತು ಬರುತ್ತದೆ, ಇದನ್ನು ಯಾರೂ ಹೇಳುವುದಿಲ್ಲ. ಬೈಫೋಕಲ್ ಅಥವಾ ಪ್ರೋಗ್ರೆಸಿವ್ ಕನ್ನಡಕದ ಕೆಳಭಾಗ ಓದಲು ಇರುವುದು. ಅದರ ಮೂಲಕ ನೆಲ ನೋಡಿದರೆ ಮಸುಕು, ಆಳವೂ ಸರಿಯಾಗಿ ತಿಳಿಯುವುದಿಲ್ಲ. ನನಗೆ ಬೆಟ್ಟಕ್ಕೆಂದೇ ಬೇರೆ ಕನ್ನಡಕ ಇದೆ, ದೂರದ ಪವರ್ ಮಾತ್ರ ಇರುವುದು. ನಕ್ಷೆ ಓದಲು ಕಷ್ಟ, ಪರವಾಗಿಲ್ಲ. ಕಣ್ಣಿಗೆ ಪೊರೆ ಬಂದಿದ್ದರೆ ಮೊದಲು ಅದನ್ನು ತೆಗೆಸಿಕೊಳ್ಳಿ, ಶೂ ಆಮೇಲೆ ಕೊಳ್ಳಬಹುದು.

ನೆಲವನ್ನೂ ಓದಲು ಬರಬೇಕು. ಸಾವನದುರ್ಗದಂಥ ಬೋಳು ಬಂಡೆ ಒಣಗಿದ್ದರೆ ಶೂ ಅಂಟಿಕೊಳ್ಳುತ್ತದೆ, ನಾಲ್ಕು ಹನಿ ಬಿದ್ದರೆ ಅದೇ ಬಂಡೆಯ ಪಾಚಿ ಸೋಪಿನ ನೀರು. ಮಲೆನಾಡಿನಲ್ಲಿ ಒದ್ದೆ ಬೇರಿನ ಮೇಲೆ ಕಾಲಿಡಲೇಬೇಡಿ, ದಾಟಿ ಇಡಿ. ಬೇಸಿಗೆಯ ಒಣ ಹುಲ್ಲೂ ಜಾರುತ್ತದೆ, ಅದು ಹೊಸಬರಿಗೆ ಗೊತ್ತಿರುವುದಿಲ್ಲ.

ಬಿದ್ದರೆ?

ಬೀಳುತ್ತೇವೆ. ಬೀಳದೆ ಈ ಆಟ ಇಲ್ಲ. ಆದರೆ ಮುಟ್ಟು ನಿಂತ ಮೇಲೆ ಹೆಂಗಸರ ಮೂಳೆ ಬೇಗ ಬೇಗ ತೆಳುವಾಗುತ್ತದೆ, ಕೈಯೂರಿ ಬಿದ್ದರೆ ಮಣಿಕಟ್ಟು ಮುರಿಯುವುದು ಸಾಮಾನ್ಯ. ಒಮ್ಮೆ ಮೂಳೆಯ ಸಾಂದ್ರತೆ ನೋಡುವ ಡೆಕ್ಸಾ ಸ್ಕ್ಯಾನ್ ಮಾಡಿಸಿ, ವಿಟಮಿನ್ ಡಿ ಎಷ್ಟಿದೆ ನೋಡಿಸಿ. ಮೈಭಾರ ಹೊತ್ತು ಮಾಡುವ ಕೆಲಸ, ಅಂದರೆ ಹತ್ತುವುದು, ಕುಪ್ಪಳಿಸುವುದು, ಭಾರ ಎತ್ತುವುದು, ಮೂಳೆಗೆ ಒಳ್ಳೆಯದೇ. ಬಿದ್ದಾಗ ಮಾತ್ರ ತೊಂದರೆ.

ಸಮತೋಲಕ್ಕೆ ನನ್ನ ಅಭ್ಯಾಸ: ಹಲ್ಲುಜ್ಜುವಾಗ ಒಂಟಿ ಕಾಲಲ್ಲಿ ನಿಲ್ಲುತ್ತೇನೆ. ಅರ್ಧ ಹೊತ್ತು ಬಲಗಾಲು, ಅರ್ಧ ಹೊತ್ತು ಎಡಗಾಲು. ಮನೆಯವರು ಕೊಕ್ಕರೆ ಅಂತ ಕರೆಯುತ್ತಾರೆ. ಕರೆಯಲಿ.

ಬಿಪಿ, ಶುಗರ್ ಇದೆ. ಓಡಬಹುದಾ?

ನಿಮ್ಮ ಡಾಕ್ಟರೇ ಹೇಳಬೇಕು. ಶುರು ಮಾಡುವ ಮೊದಲು ಇಸಿಜಿ, ಬೇಕಾದರೆ ಟ್ರೆಡ್‌ಮಿಲ್ ಪರೀಕ್ಷೆ ಮಾಡಿಸಿ. ಎದೆ ಬಿಗಿತ, ತಲೆ ಸುತ್ತು, ಎಂದಿಲ್ಲದ ಏದುಸಿರು ಬಂದರೆ ಅಲ್ಲೇ ನಿಲ್ಲಿ. ಇನ್ನು ಸ್ವಲ್ಪ ದೂರ ಅನ್ನುವುದು ಬೇಡ.

ಡಾಕ್ಟರ ಹತ್ತಿರ ಕೇಳಲೇಬೇಕಾದ ಮಾತುಗಳಿವೆ. ಬೀಟಾ ಬ್ಲಾಕರ್ ಗುಂಪಿನ ಬಿಪಿ ಮಾತ್ರೆ ತೆಗೆದುಕೊಳ್ಳುವವರಿಗೆ ಎದೆ ಬಡಿತ ಏರಬೇಕಾದಷ್ಟು ಏರುವುದಿಲ್ಲ, ಕೈಗಡಿಯಾರದ ಅಂಕಿ ನಂಬಿ ಓಡಿದರೆ ಮೋಸ. ಮೂತ್ರ ಹೆಚ್ಚಿಸುವ ಮಾತ್ರೆ ಇದ್ದರೆ ಮೈಯ ನೀರು ಬೇಗ ಕಡಿಮೆ ಆಗುತ್ತದೆ. ಇನ್ಸುಲಿನ್ ಅಥವಾ ಕೆಲವು ಶುಗರ್ ಮಾತ್ರೆ ಇರುವವರಿಗೆ ದಾರಿ ಮಧ್ಯೆ ಸಕ್ಕರೆ ಕುಸಿಯಬಹುದು, ಜೇಬಲ್ಲಿ ಗ್ಲೂಕೋಸ್ ಇರಲೇಬೇಕು. ಮಂಡಿ ನೋವಿಗೆ ಅಂತ ಓಡುವ ಮೊದಲೇ ನೋವಿನ ಮಾತ್ರೆ ನುಂಗುವ ಅಭ್ಯಾಸ ಬಹಳ ಜನಕ್ಕಿದೆ. ನೀರು ಕಡಿಮೆಯಾದ ಮೈಯಲ್ಲಿ ಅದು ಕಿಡ್ನಿಗೆ ಕೆಟ್ಟದ್ದು, ಬೇಡವೇ ಬೇಡ.

ಎದೆ ಬಡಿತದ ಲೆಕ್ಕ ಕೇಳುವವರಿಗೆ: 220ರಿಂದ ವಯಸ್ಸು ಕಳೆಯುವ ಹಳೆಯ ಸೂತ್ರದ ಪ್ರಕಾರ ನನ್ನ ಗರಿಷ್ಠ 157. ವಯಸ್ಸನ್ನು 0.7ರಿಂದ ಗುಣಿಸಿ 208ರಿಂದ ಕಳೆಯುವ ಹೊಸ ಸೂತ್ರದ ಪ್ರಕಾರ 164. ಎರಡೂ ಸರಾಸರಿ ಮಾತ್ರ. ನಾನು ಎರಡನ್ನೂ ನೋಡುವುದಿಲ್ಲ. ಪಕ್ಕದವರ ಜೊತೆ ಪೂರ್ತಿ ವಾಕ್ಯದಲ್ಲಿ ಮಾತಾಡಲು ಆಗುತ್ತಿದ್ದರೆ ವೇಗ ಸರಿ ಇದೆ. ಒಂದೊಂದೇ ಪದ ಉದುರುತ್ತಿದ್ದರೆ ನಿಧಾನ ಮಾಡಬೇಕು.

ಅಭ್ಯಾಸ ಎಲ್ಲಿ, ಹೇಗೆ?

ಮೈಸೂರಿನವರಿಗೆ ಪುಣ್ಯ, ಚಾಮುಂಡಿ ಬೆಟ್ಟ ಇದೆ. ಸಾವಿರ ಮೆಟ್ಟಿಲು ಹತ್ತುವುದು, ಇಳಿಯುವುದು. ವಾರಕ್ಕೆ ಒಂದೆರಡು ಸಲ ಸಾಕು. ಆಷಾಢದ ಶುಕ್ರವಾರ ಮಾತ್ರ ಆ ಕಡೆ ಓಡಲು ಹೋಗಬೇಡಿ. ಹರಕೆ ಹೊತ್ತವರು ಒಂದೊಂದು ಮೆಟ್ಟಿಲಿಗೂ ಅರಿಶಿನ ಕುಂಕುಮ ಹಚ್ಚುತ್ತಾ ಹತ್ತುತ್ತಿರುತ್ತಾರೆ. ಆ ದಿನ ಅವರದು. ಬೆಂಗಳೂರಿನವರಿಗೆ ಸಾವನದುರ್ಗ, ಮಾಕಳಿದುರ್ಗ, ಸ್ಕಂದಗಿರಿ ಹತ್ತಿರ. ಬೆಟ್ಟವೇ ಇಲ್ಲದ ಊರಿನವರು ಅಪಾರ್ಟ್‌ಮೆಂಟ್ ಮೆಟ್ಟಿಲು ಬಳಸಿ, ಆದರೆ ಹತ್ತಿ ಲಿಫ್ಟಿನಲ್ಲಿ ಇಳಿಯಬೇಡಿ.

ಉಳಿದದ್ದು ಸರಳ. ವಾರದಲ್ಲಿ ಎರಡು ದಿನ ತೊಡೆ, ಮೀನಖಂಡ, ಸೊಂಟಕ್ಕೆ ಭಾರದ ವ್ಯಾಯಾಮ. ಒಂದು ಉದ್ದ ಓಟ. ನಡುವೆ ವಿಶ್ರಾಂತಿ. ಇಪ್ಪತ್ತೈದರಲ್ಲಿ ಒಂದು ರಾತ್ರಿಯಲ್ಲಿ ಇಳಿಯುವ ಸುಸ್ತು ಈಗ ಮೂರು ದಿನ ತೆಗೆದುಕೊಳ್ಳುತ್ತದೆ. ಅದನ್ನು ಒಪ್ಪಿಕೊಂಡವರು ವರ್ಷಗಟ್ಟಲೆ ಓಡುತ್ತಾರೆ.

ಒಂದು ಬೆಟ್ಟಕ್ಕೆ ಎಷ್ಟು ಹೊತ್ತು ಬೇಕು ಅಂತ ಮೊದಲೇ ಲೆಕ್ಕ ಹಾಕುವುದು ಹೇಗೆ?

1892ರಲ್ಲಿ ಸ್ಕಾಟ್ಲೆಂಡಿನ ನೇಸ್ಮಿತ್ ಅನ್ನುವ ಪರ್ವತಾರೋಹಿ ಒಂದು ಲೆಕ್ಕ ಕೊಟ್ಟರು. ಈಗಿನ ಅಳತೆಯಲ್ಲಿ ಹೇಳುವುದಾದರೆ, ಪ್ರತಿ 5 ಕಿ.ಮೀ.ಗೆ ಒಂದು ಗಂಟೆ, ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಕುಕ್ಕೆ ಸುಬ್ರಹ್ಮಣ್ಯದ ಕಡೆಯಿಂದ ಕುಮಾರ ಪರ್ವತ ನೋಡೋಣ. ಶಿಖರ 1712 ಮೀಟರ್, ಏರು ಸುಮಾರು 1600 ಮೀಟರ್, ದೂರ ಸುಮಾರು 13 ಕಿ.ಮೀ. ದೂರಕ್ಕೆ ಎರಡೂವರೆ ಗಂಟೆ, ಏರಿಗೆ ಎರಡೂ ಮುಕ್ಕಾಲು. ಒಟ್ಟು ಐದೂಕಾಲು ಗಂಟೆ, ಹತ್ತಲು ಮಾತ್ರ. ನಮ್ಮ ಸೆಕೆ, ನಮ್ಮ ವಯಸ್ಸು ಸೇರಿಸಿ ಇನ್ನೂ ಕಾಲು ಭಾಗ ಕೂಡಿಸಿ. ಇಳಿಯಲು ಕಡಿಮೆ ಹೊತ್ತು ಸಾಕು ಅಂದುಕೊಳ್ಳಬೇಡಿ, ಆ ದಾರಿಯಲ್ಲಿ ಅಂತೂ ಸಾಲುವುದಿಲ್ಲ. ಸೋಮವಾರಪೇಟೆ ಕಡೆಯ ದಾರಿ ಚಿಕ್ಕದು, ಹೊಸಬರು ಅಲ್ಲಿಂದ ನೋಡಿ.

ಯಾವ ಕಾಡಿಗೆ ಬೇಕಾದರೂ ಹೋಗಬಹುದಾ?

ಖಂಡಿತ ಇಲ್ಲ. 2024ರ ಜನವರಿ ಕೊನೆಯಲ್ಲಿ ಕುಮಾರ ಪರ್ವತಕ್ಕೆ ಜಾತ್ರೆಯಂತೆ ಜನ ಮುಗಿಬಿದ್ದದ್ದು ನೆನಪಿರಬಹುದು. ಅದಾದ ಮೇಲೆ ಅರಣ್ಯ ಇಲಾಖೆ ಕೆಲವು ಕಾಲ ಚಾರಣ ನಿಲ್ಲಿಸಿ, ಆನ್‌ಲೈನ್ ಬುಕಿಂಗ್ ತಂದಿತು. ದಿನಕ್ಕೆ ಇಂತಿಷ್ಟೇ ಜನ. ಕುದುರೆಮುಖ ರಾಷ್ಟ್ರೀಯ ಉದ್ಯಾನ, ಅಲ್ಲೂ ಅನುಮತಿ ಬೇಕೇ ಬೇಕು. ಬೇಸಿಗೆಯಲ್ಲಿ ಕಾಡ್ಗಿಚ್ಚಿನ ಭಯಕ್ಕೆ, ಮಳೆಗಾಲದಲ್ಲಿ ಜಾರು ದಾರಿಗೆ ಕೆಲವು ಬೆಟ್ಟ ಮುಚ್ಚುತ್ತಾರೆ. ಇದಕ್ಕೆ ಗೊಣಗುವವರನ್ನು ಕಂಡರೆ ನನಗೆ ಆಗುವುದಿಲ್ಲ. ಅಷ್ಟು ಕಾಲು ಒಂದೇ ದಿನ ತುಳಿದರೆ ಹುಲ್ಲು ಮತ್ತೆ ಏಳುವುದು ಯಾವಾಗ?

ತೋಟದ ದಾರಿಯಾದರೆ ತೋಟದವರನ್ನು ಕೇಳಿ. ಕಾಳುಮೆಣಸು ಕೊಯ್ಯುವ ಕಾಲದಲ್ಲಿ ಅಪರಿಚಿತರು ಓಡಾಡಿದರೆ ಅನುಮಾನ ಬರುವುದು ಸಹಜ.

ಇಂಬಳ ಕಚ್ಚಿದರೆ?

ಕಚ್ಚಲಿ ಬಿಡಿ. ಜೂನ್‌ನಿಂದ ಅಕ್ಟೋಬರ್‌ವರೆಗೆ ಮಲೆನಾಡಿನಲ್ಲಿ ಓಡಿದರೆ ಇಂಬಳ ಹತ್ತೇ ಹತ್ತುತ್ತದೆ. ನೋವಿಲ್ಲ. ರಕ್ತ ಹೆಪ್ಪುಗಟ್ಟದ ಹಾಗೆ ಅದು ಒಂದು ದ್ರವ ಬಿಡುತ್ತದೆ, ಅದಕ್ಕೇ ಬಿದ್ದು ಹೋದ ಮೇಲೂ ರಕ್ತ ಜಿನುಗುತ್ತದೆ. ಉಪ್ಪು ತಾಗಿಸಿದರೆ ಬಿಡುತ್ತದೆ, ಇಲ್ಲ ಉಗುರಿನಿಂದ ಪಕ್ಕಕ್ಕೆ ತಳ್ಳಿ. ಶೂ ಒಳಗೆ ಹೊಗೆಸೊಪ್ಪು ಇಡುವವರೂ ಇದ್ದಾರೆ. ಹೃದಯದ ತೊಂದರೆಗೆ ರಕ್ತ ತೆಳು ಮಾಡುವ ಮಾತ್ರೆ ತೆಗೆದುಕೊಳ್ಳುವವರಿಗೆ ಮಾತ್ರ ಎಚ್ಚರ ಬೇಕು, ಅವರಿಗೆ ರಕ್ತ ನಿಲ್ಲಲು ಬಹಳ ಹೊತ್ತು ಬೇಕಾಗುತ್ತದೆ.

ಹಾಗಾದರೆ ಭಯ ಪಡಬೇಕಾದ್ದು ಯಾವುದಕ್ಕೆ?

ಉಣ್ಣೆಗೆ. ಮಂಗನ ಕಾಯಿಲೆ 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾಯಿತು. ಹರಡುವುದು ಉಣ್ಣೆ ಕಚ್ಚುವುದರಿಂದ. ಮಳೆ ನಿಂತು ಕಾಡು ಒಣಗಿದ ಮೇಲೆ, ಡಿಸೆಂಬರ್‌ನಿಂದ ಮೇ ತನಕ ಅದರ ಕಾಲ. ನಮ್ಮ ಓಟಕ್ಕೂ ಅದೇ ಒಳ್ಳೆ ಹವಾಮಾನ, ಅದೇ ಸಮಸ್ಯೆ. ಮಂಗ ಸತ್ತಿದೆ ಅಂತ ಸುದ್ದಿ ಇರುವ ಕಾಡಿಗೆ ಹೋಗಲೇಬೇಡಿ. ಊರಿನವರನ್ನು ಕೇಳಿದರೆ ಹೇಳುತ್ತಾರೆ. ಆ ಭಾಗದಲ್ಲಿ ಆರೋಗ್ಯ ಇಲಾಖೆಯವರು ಹಂಚುವ ಡೀಪಾ ಎಣ್ಣೆ ಹಚ್ಚಿಕೊಳ್ಳಿ, ಉದ್ದ ಕಾಲ್ಚೀಲ ಹಾಕಿ, ತರಗೆಲೆ ಮೇಲೆ ಕೂರಬೇಡಿ. ಮನೆಗೆ ಬಂದ ಕೂಡಲೇ ಬಟ್ಟೆ ಬಿಸಿನೀರಿಗೆ, ಮೈ ಪೂರ್ತಿ ಪರೀಕ್ಷೆ. ಉಣ್ಣೆ ಕಚ್ಚಿ ಹಿಡಿದಿದ್ದರೆ ಚಿಮಟದಲ್ಲಿ ಚರ್ಮಕ್ಕೆ ತೀರಾ ಹತ್ತಿರ ಹಿಡಿದು ನೆಟ್ಟಗೆ ಎಳೆಯಿರಿ, ಬೆಂಕಿ ತಾಗಿಸಬೇಡಿ. ಹತ್ತು ದಿನದೊಳಗೆ ಜೋರು ಜ್ವರ, ತಲೆನೋವು, ಮೈಕೈ ನೋವು ಬಂದರೆ ಡಾಕ್ಟರಿಗೆ ಮೊದಲ ಮಾತು ಇದಾಗಿರಲಿ: ಕಾಡಿಗೆ ಹೋಗಿದ್ದೆ.

ಆನೆ, ಹಾವು?

ಆನೆ ಇರುವ ಕಡೆ ಬೆಳಕು ಹರಿಯುವ ಮೊದಲು, ಸಂಜೆ ಐದರ ಮೇಲೆ ಓಡುವುದಿಲ್ಲ. ಬಿಸಿ ಲದ್ದಿ ಕಂಡರೆ ವಾಪಸ್. ಕಿವಿಗೆ ಇಯರ್‌ಫೋನ್ ಹಾಕುವುದಿಲ್ಲ. ಸಕಲೇಶಪುರ, ಬಿಸಲೆ ಕಡೆಯವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ.

ಹಾವಿಗೆ ಒಂದೇ ಪಾಠ. ಬಿದ್ದ ಮರವನ್ನು ಹಾರಿ ದಾಟಬೇಡಿ, ಮರದ ಮೇಲೆ ಕಾಲಿಟ್ಟು ಆ ಕಡೆ ನೋಡಿ ಇಳಿಯಿರಿ. ಕಚ್ಚಿದರೆ ಕಟ್ಟು ಹಾಕಬೇಡಿ, ಕೊಯ್ಯಬೇಡಿ, ಚೀಪಬೇಡಿ. ಕೈಕಾಲು ಅಲ್ಲಾಡಿಸದೆ ಆಸ್ಪತ್ರೆಗೆ. 108ಕ್ಕೆ ಫೋನ್ ಮಾಡಿ, ಸಿಗ್ನಲ್ ಇದ್ದರೆ.

ಸಿಡಿಲು?

ಏಪ್ರಿಲ್, ಮೇ ತಿಂಗಳ ಮಧ್ಯಾಹ್ನ ಬೋಳು ಏಣಿನ ಮೇಲೆ ಇರಬೇಡಿ. ಬೆಳಗ್ಗೆ ಬೇಗ ಹೊರಟು ಹನ್ನೊಂದರೊಳಗೆ ಇಳಿದುಬಿಡಿ. ಗುಡುಗು ಕೇಳಿಸಿತು ಅಂದರೆ ಸಿಡಿಲು ತಲುಪುವಷ್ಟು ಹತ್ತಿರ ಇದ್ದೀರಿ ಅಂತಲೇ ಅರ್ಥ.

ಏನು ತಿನ್ನುತ್ತೀರಿ? ಆ ಜೆಲ್ ಪ್ಯಾಕೆಟ್ ಬೇಕಾ?

ಓಡುವಾಗ ಶಕ್ತಿಗೆ ಅಂತ ನುಂಗುವ ಸಿಹಿ ಪಾಕ ಅದು, ಬೇಕಾದವರು ತಿನ್ನಲಿ. ನನಗೆ ಅದರ ಸಿಹಿ ಗಂಟಲಿಗೆ ಇಳಿಯುವುದಿಲ್ಲ. ಬೆಲ್ಲ-ಹುರಿಗಡಲೆ, ಏಲಕ್ಕಿ ಬಾಳೆ, ಕೋಡುಬಳೆ, ಚಿಕ್ಕ ಉಂಡೆ ಮಾಡಿದ ಪುಳಿಯೋಗರೆ. ಎರಡು ಗಂಟೆ ದಾಟಿದ ಮೇಲೆ ಉಪ್ಪು ಹುಳಿ ರುಚಿಸುವಷ್ಟು ಸಿಹಿ ರುಚಿಸುವುದಿಲ್ಲ, ಇದು ನನ್ನೊಬ್ಬಳ ಮಾತಲ್ಲ. ಹೊರಡುವ ಮೊದಲು ರಾಗಿ ಅಂಬಲಿ. ಅರ್ಧ ಗಂಟೆಗೊಮ್ಮೆ ಏನಾದರೂ ಸ್ವಲ್ಪ ಬಾಯಿಗೆ ಹೋಗಲಿ, ಹಸಿವಾಗಲಿ ಅಂತ ಕಾಯಬೇಡಿ.

ನೀರಿನ ವಿಷಯ ಉಲ್ಟಾ. ಬಾಯಾರಿದಾಗ ಕುಡಿಯಿರಿ. ವಯಸ್ಸಾದ ಮೇಲೆ ಬಾಯಾರಿಕೆ ಸ್ವಲ್ಪ ತಡವಾಗಿ ತಿಳಿಯುತ್ತದೆ ಅನ್ನುವುದು ನಿಜ, ಅದಕ್ಕೆ ಆಗಾಗ ಒಂದೆರಡು ಗುಟುಕು. ಆದರೆ ಭಯಕ್ಕೆ ಲೀಟರುಗಟ್ಟಲೆ ಬರೀ ನೀರು ಸುರಿದುಕೊಂಡರೆ ರಕ್ತದಲ್ಲಿ ಸೋಡಿಯಂ ಇಳಿದು ಪ್ರಾಣಕ್ಕೇ ಬರಬಹುದು. ಓಆರ್‌ಎಸ್ ಪುಡಿ ಬ್ಯಾಗಿನಲ್ಲಿರಲಿ. ಇಳಿದ ಮೇಲೆ ಉಪ್ಪು ಹಾಕಿದ ಮಜ್ಜಿಗೆ.

ಪ್ರೋಟೀನ್ ನಮ್ಮ ಅಡುಗೆಯಲ್ಲಿ ಕಡಿಮೆ. ವಯಸ್ಸಾದವರಿಗೆ ಮೈತೂಕದ ಕೆಜಿಗೆ ದಿನಕ್ಕೆ 1ರಿಂದ 1.2 ಗ್ರಾಂ ಬೇಕು ಅನ್ನುತ್ತಾರೆ. ತಿಳಿಸಾರು ಅನ್ನದಲ್ಲಿ ಅದು ಸಿಗುವುದಿಲ್ಲ. ಹುರುಳಿ, ಮೊಳಕೆ ಕಾಳು, ಮೊಸರು, ತಿನ್ನುವವರಿಗೆ ಮೊಟ್ಟೆ.

ಶೂ ಯಾವುದು? ಕೋಲು ಬೇಕಾ?

ಅಡಿಭಾಗದಲ್ಲಿ ಹಲ್ಲು ಇರುವ ಟ್ರೇಲ್ ಶೂ. ಅರ್ಧ ಸೈಜು ದೊಡ್ಡದು, ಇಳಿಯುವಾಗ ಬೆರಳು ಮುಂದೆ ಬಡಿದು ಉಗುರು ಕಪ್ಪಾಗದ ಹಾಗೆ. ಸಂಜೆ ಕಾಲು ಊದಿರುವಾಗ ಹಾಕಿ ನೋಡಿ. ಬ್ರ್ಯಾಂಡ್ ಕೇಳಬೇಡಿ, ನಿಮ್ಮ ಕಾಲು ನನ್ನ ಕಾಲಲ್ಲ.

ಕೋಲು ಬೇಕು. ಎರಡು, ಮಡಿಸುವಂಥವು. ಇಳಿಯುವಾಗ ಮೊಣಕಾಲಿನ ಭಾರ ಸ್ವಲ್ಪ ತೋಳಿಗೆ ಬರುತ್ತದೆ. ಮುದುಕಿ ಕೋಲು ಹಿಡಿದಳು ಅಂತ ನಗುವವರಿಗೆ, ಯುಟಿಎಂಬಿ ಓಡುವವರೂ ಹಿಡಿಯುತ್ತಾರೆ ಅಂತ ಹೇಳಿ.

ಹೆಂಗಸರು ಒಬ್ಬರೇ ಹೋಗಬಹುದಾ?

ನಾನು ಹೋಗುವುದಿಲ್ಲ. ಮೂರು ಜನ ಇದ್ದರೆ ಒಳ್ಳೆಯದು. ಒಬ್ಬರಿಗೆ ಏನಾದರೂ ಆದರೆ ಒಬ್ಬರು ಜೊತೆ ಇರಬಹುದು, ಇನ್ನೊಬ್ಬರು ಸಹಾಯಕ್ಕೆ ಹೋಗಬಹುದು. ಯಾವ ದಾರಿ, ಎಷ್ಟು ಹೊತ್ತಿಗೆ ವಾಪಸ್ ಅಂತ ಮನೆಯಲ್ಲಿ ಬರೆದಿಟ್ಟು ಹೋಗಿ. ನಕ್ಷೆಯನ್ನು ಮೊದಲೇ ಫೋನಿಗೆ ಇಳಿಸಿಕೊಳ್ಳಿ. ಬಟ್ಟೆಯ ಬಗ್ಗೆಯೂ ಕೇಳುತ್ತಾರೆ. ಉದ್ದ ತೋಳು, ಪೂರ್ತಿ ಕಾಲು ಮುಚ್ಚುವ ಟೈಟ್ಸ್, ಮೇಲೊಂದು ಸಡಿಲ ಟಾಪ್. ಬಿಸಿಲು, ಮುಳ್ಳು, ಉಣ್ಣೆ, ನೆಂಟರು, ನಾಲ್ಕಕ್ಕೂ ಅದೇ ಸಾಕು.

ಸ್ಪರ್ಧೆಗೆ ಸೇರಬೇಕಾ? ಕೊನೆಯಲ್ಲಿ ಬಂದರೆ ಬೇಸರ ಆಗುವುದಿಲ್ವಾ?

ಸೇರಲೇಬೇಕು ಅಂತಿಲ್ಲ. ಸೇರಿದರೆ ದಾರಿ ಗುರುತು ಮಾಡಿರುತ್ತಾರೆ, ನಡುವೆ ನೀರು ತಿಂಡಿ ಇರುತ್ತದೆ, ಡಾಕ್ಟರ್ ಇರುತ್ತಾರೆ, ಅಷ್ಟು ಅನುಕೂಲ. ಚಿಕ್ಕಮಗಳೂರು ಕಡೆಯ ಕಾಫಿ ತೋಟಗಳಲ್ಲಿ ನಡೆಯುವ ಮಲ್ನಾಡ್ ಅಲ್ಟ್ರಾ ಹೆಸರು ಕೇಳಿರಬಹುದು. 50 ಕಿ.ಮೀ. ಅಲ್ಲಿ ಚಿಕ್ಕ ಓಟಗಳ ಸಾಲಿಗೆ ಸೇರುತ್ತದೆ. ಹೊಸಬರು ಬೇರೆ ಕಡೆ 10 ಕಿ.ಮೀ. ಓಡಿ ನೋಡಿ.

ಸೇರುವ ಮೊದಲು ಕಟ್ ಆಫ್ ಸಮಯ ಓದಿ. ಇಷ್ಟು ಹೊತ್ತಿಗೆ ಇಲ್ಲಿಗೆ ಬರದಿದ್ದರೆ ಜೀಪು ಹತ್ತಿಸುತ್ತಾರೆ, ವಯಸ್ಸು ನೋಡಿ ಬಿಡುವುದಿಲ್ಲ, ಬಿಡಲೂ ಬಾರದು. ಇನ್ನು ಕೊನೆಯವರಾಗುವ ಮಾತು. ಎಲ್ಲರ ಹಿಂದೆ, ದಾರಿಯ ರಿಬ್ಬನ್ ಬಿಚ್ಚುತ್ತಾ ಬರುವ ಹುಡುಗರು ಇರುತ್ತಾರೆ. ನನಗೆ ಬಹಳ ಸಲ ಅವರೇ ಜೊತೆ. ತೋಟದ ಮಾಲಿ, ಕೂಲಿ ರೇಟು, ಯಾವ ಊರಲ್ಲಿ ಒಳ್ಳೆ ಕಡುಬು, ಎಲ್ಲ ಸುದ್ದಿ ಅವರ ಹತ್ತಿರ ಇರುತ್ತದೆ. ಮುಂದೆ ಓಡಿದವರಿಗೆ ಇದು ಸಿಗುವುದಿಲ್ಲ.

ಯಾವಾಗ ನಿಲ್ಲಿಸುತ್ತೀರಿ?

ಇಳಿಯಲು ಭಯ ಆಗತೊಡಗಿದಾಗ ಓಟ ಬಿಟ್ಟು ನಡೆಯುತ್ತೇನೆ. ದಾರಿ ಅದೇ.

ಒದ್ದೆ ಶೂ ಮಾರನೇ ದಿನಕ್ಕೆ ಒಣಗುವುದು ಹೇಗೆ?

ಲೇಸು, ಒಳಗಿನ ಅಟ್ಟೆ ತೆಗೆದು ಹಳೆಯ ಪೇಪರ್ ತುರುಕಿ. ಎರಡು ಗಂಟೆಗೊಮ್ಮೆ ಪೇಪರ್ ಬದಲಿಸಿ, ಫ್ಯಾನ್ ಕೆಳಗಿಡಿ. ಒಲೆ ಹತ್ತಿರ, ಸುಡು ಬಿಸಿಲಿಗೆ ಬೇಡ, ಅಂಟು ಬಿಟ್ಟು ಅಡಿ ಕಿತ್ತು ಬರುತ್ತದೆ. ಜುಲೈ ತಿಂಗಳ ಮಲೆನಾಡಾದರೆ ಇದ್ಯಾವುದೂ ಉಪಯೋಗವಿಲ್ಲ, ಒದ್ದೆ ಶೂನಲ್ಲೇ ಹೊರಡಿ.